ಪೂಲ್ ಕಾಲದ ಕಾಫಿ ಮತ್ತು ಗುಣಮಟ್ಟದ ಪ್ರಶ್ನೆ: 1996 ಎಂಬ ಗಡಿಗೆರೆಯ ಮರುಪರಿಶೀಲನೆ

ಭಾರತದ ಸ್ಪೆಷಾಲಿಟಿ ಕಾಫಿಯ ಚರಿತ್ರೆಯನ್ನು 1996ರಿಂದ ಆರಂಭಿಸುವುದು ಈಗ ರೂಢಿಯಾಗಿಬಿಟ್ಟಿದೆ. ಬೆಳೆಗಾರರೆಲ್ಲರ ಕಾಫಿಯನ್ನು ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಕಳಚಿಬಿತ್ತು, ನಿಜ. ಅದರಿಂದ ಮುಕ್ತ ಮಾರುಕಟ್ಟೆಯ ಪಕ್ಷಪಾತಿಗಳು ಎಳೆಯುವ ತೀರ್ಮಾನ ಮಾತ್ರ ಬೇರೆ: ಪೂಲಿನಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು, ಹಾಗಾಗಿ ಬೆಳೆಗಾರನಿಗೆ ಗುಣಮಟ್ಟದ ಗೊಡವೆಯೇ ಇರಲಿಲ್ಲ.

ಈ ವಾದದ ಬುಡದಲ್ಲಿರುವುದು ಪೂಲಿನ ಪಾಯಿಂಟ್ ಪದ್ಧತಿಯ ತಪ್ಪು ಓದು. ಬೆಳೆಗಾರನ ಕಾಫಿ ಪೂಲಿಗೆ ಸೇರಿದಾಗ ಅದರ ಬಗೆಗೂ ದರ್ಜೆಗೂ ತಕ್ಕಂತೆ ಪಾಯಿಂಟ್ ನಿಗದಿಯಾಗುತ್ತಿತ್ತು; ಮಾರಾಟದ ಹಣ ಕೈಸೇರಿದಂತೆ ಆ ಪಾಯಿಂಟ್‌ಗಳ ಲೆಕ್ಕದಲ್ಲಿ ಕಂತುಕಂತಾಗಿ ಪಾವತಿ ಬರುತ್ತಿತ್ತು. ಒಟ್ಟು ಹಣವನ್ನು ಎಲ್ಲರಿಗೂ ಹಂಚಿದ್ದನ್ನೇ ಹಿಡಿದುಕೊಂಡು ಹಂಚಿಕೆ ಸಮಸಮನಾಗಿತ್ತು ಎನ್ನುವವರು ಪಾಯಿಂಟ್‌ಗಳಲ್ಲಿದ್ದ ವ್ಯತ್ಯಾಸವನ್ನೇ ಮರೆಯುತ್ತಾರೆ. ಪಾರ್ಚ್‌ಮೆಂಟ್ ಮಾಡಿದ ಅರೇಬಿಕಾಗೆ ಒಂದು ಲೆಕ್ಕ, ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ ಚೆರ್ರಿಗೆ ಇನ್ನೊಂದು ಲೆಕ್ಕ.

ಈ ವ್ಯತ್ಯಾಸದ ಹಿಂದಿನ ದುಡಿಮೆಯನ್ನು ನೋಡಬೇಕು. ಪಾರ್ಚ್‌ಮೆಂಟ್ ಆಗಬೇಕಾದರೆ ಕಳಿತ ಹಣ್ಣನ್ನೇ ಆರಿಸಿ ಕುಯ್ಯಬೇಕು, ತಡಮಾಡದೆ ಪಲ್ಪರ್‌ಗೆ ಹಾಕಬೇಕು, ಲೋಳೆ ಬಿಡುವಷ್ಟು ಹೊತ್ತು ಹುದುಗಿಸಿ ತೊಳೆಯಬೇಕು, ಆಮೇಲೆ ಹದವಾಗಿ ಒಣಗಿಸಬೇಕು. ಹುದುಗು ಮೀರಿದರೆ ಬೀಜಕ್ಕೆ ಹುಳಿ ವಾಸನೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಕಳೆದ ಮೇಲೆ ಜರಡಿಯ ಸರದಿ. 6.65 ಮಿಲಿಮೀಟರ್ ರಂಧ್ರದ ಜರಡಿಯ ಮೇಲೆ ನಿಲ್ಲುವ ಬೀಜ ಇಂದಿಗೂ ‘ಪ್ಲಾಂಟೇಶನ್ ಎ’. ದುಂಡಗಿನ ಒಂಟಿ ಬೀಜ ‘ಪಿಬಿ’. ಜರಡಿಗೆ ಸಿಗದ ಕಪ್ಪು ಬೀಜ, ಒಡಕು, ಹುಳುಕನ್ನು ಹೆಕ್ಕಿ ತೆಗೆಯುತ್ತಿದ್ದುದು ಸಾಲಾಗಿ ಕುಳಿತ ಹೆಂಗಸರ ಬೆರಳು.

ಜರಡಿ ಅಳೆಯುವುದು ಗಾತ್ರವನ್ನು, ರುಚಿಯನ್ನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ದರ್ಜೆಯ ಚೌಕಟ್ಟಿನಲ್ಲಿ ತೋಟದ ಹೆಸರು ಅಳಿಸಿಹೋಗುತ್ತಿತ್ತು ಎಂಬುದನ್ನೂ ಒಪ್ಪುತ್ತೇನೆ. ಆದರೆ ರುಚಿಯ ಕೆಲಸವೇ ನಡೆಯಲಿಲ್ಲ ಎನ್ನುವವರಿಗೆ ಬಾಳೆಹೊನ್ನೂರನ್ನು ತೋರಿಸಬೇಕಾಗುತ್ತದೆ. 1925ರಲ್ಲಿ ಮೈಸೂರು ಸರ್ಕಾರ ಸ್ಥಾಪಿಸಿ, ಆಮೇಲೆ ಮಂಡಳಿಯ ಕೈಸೇರಿದ ಸಂಶೋಧನಾ ಕೇಂದ್ರ ಅದು. ಅಲ್ಲಿ ಎಸ್. 288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ ಪಡೆದ ಎಸ್. 795 ತೋಟಗಳಿಗೆ ಬಂದದ್ದು 1940ರ ದಶಕದಲ್ಲಿ. ಎಲೆತುಕ್ಕು ರೋಗವನ್ನು ತಡೆಯುವುದು ಮುಖ್ಯ ಗುರಿಯಾಗಿದ್ದರೂ ಬಟ್ಟಲಿನ ಗುಣವನ್ನು ಅಲ್ಲಿಯವರು ಬಿಟ್ಟುಕೊಡಲಿಲ್ಲ.

ನನ್ನ ವಾದಕ್ಕೆ ಹೆಚ್ಚು ಬಲ ಕೊಡುವ ಸಾಕ್ಷ್ಯ ಸೆಲೆಕ್ಷನ್ 9. ಇಥಿಯೋಪಿಯಾ ಮೂಲದ ತಫಾರಿಕೆಲಾ ಮತ್ತು ಹಿಬ್ರಿಡೊ ಡಿ ತಿಮೋರ್‌ಗಳ ಸಂಕರವಿದು. ಮಂಡಳಿಯ ‘ಫ್ಲೇವರ್ ಆಫ್ ಇಂಡಿಯಾ’ ಸ್ಪರ್ಧೆಯಲ್ಲಿ 2002ರಲ್ಲಿ ಫೈನ್ ಕಪ್ ಪ್ರಶಸ್ತಿ ಗೆದ್ದದ್ದು ಈ ತಳಿಯ ಕಾಫಿ. ಉದಾರೀಕರಣದ ಫಲಕ್ಕೆ ಉದಾಹರಣೆಯಾಗಿ ಈ ಪ್ರಶಸ್ತಿಯನ್ನು ಉಲ್ಲೇಖಿಸುವವರು ಒಂದು ಸಣ್ಣ ಲೆಕ್ಕ ಹಾಕಲಿ. ಅರೇಬಿಕಾ ಗಿಡ ನೆಟ್ಟ ಮೇಲೆ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಒಂದು ಸಂಕರವನ್ನು ತಲೆಮಾರಿನಿಂದ ತಲೆಮಾರಿಗೆ ಆಯ್ದು ತಳಿಯಾಗಿ ನಿಲ್ಲಿಸಲು ದಶಕಗಳೇ ಬೇಕು. 1996 ಮತ್ತು 2002ರ ನಡುವೆ ಅಷ್ಟಕ್ಕೆ ಎಡೆಯೆಲ್ಲಿ? ಪ್ರಶಸ್ತಿ ಬಂದದ್ದು ಮುಕ್ತ ಮಾರುಕಟ್ಟೆಯಲ್ಲಿ, ಗಿಡ ರೂಪುಗೊಂಡದ್ದು ಪೂಲ್ ಕಾಲದಲ್ಲಿ.

ಮಾನ್ಸೂನ್ಡ್ ಮಲಬಾರ್ ಕಾಫಿಯ ವಿಷಯದಲ್ಲೂ ಇದೇ ಬಗೆಯ ಅವಸರ ಕಾಣುತ್ತದೆ. ಹಾಯಿಹಡಗಿನ ತಿಂಗಳುಗಟ್ಟಲೆ ಪಯಣದಲ್ಲಿ ಬೀಜ ತೇವ ಹೀರಿ ಬಣ್ಣಗೆಟ್ಟಿತು, ಯುರೋಪಿನವರು ಮೆಚ್ಚಿದರು ಎಂಬ ಕಥೆ ಹೇಳಿ ಮುಗಿಸುತ್ತಾರೆ. ಅದು ಆಕಸ್ಮಿಕವೇ ಇದ್ದಿರಬಹುದು. ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನುದ್ದಕ್ಕೂ ನಡೆಯುವ ಕೆಲಸದಲ್ಲಿ ಆಕಸ್ಮಿಕ ಎಂಬುದಿಲ್ಲ. ಚೆರ್ರಿ ಕಾಫಿಯ ಬೀಜವನ್ನು ನೆಲದ ಮೇಲೆ ಹರಡಿ ಆಗಾಗ ಕೈಯಾಡಿಸುತ್ತಾರೆ. ಮೂಟೆಗೆ ಸಡಿಲವಾಗಿ ತುಂಬಿ, ಕಡಲ ಗಾಳಿ ನುಗ್ಗುವಂತೆ ಸಾಲುಸಾಲಾಗಿ ಜೋಡಿಸುತ್ತಾರೆ. ಬೂಷ್ಟು ಹಿಡಿಯದಂತೆ ಸುರಿದು ಮತ್ತೆ ತುಂಬುತ್ತಾರೆ. ಬೀಜ ಉಬ್ಬಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ಹುಳಿಯಂಶ ಇಳಿಯುತ್ತದೆ. ಪೂಲ್ ಕಾಲದ ರಫ್ತುದಾರರು ಮಂಡಳಿಯ ಹರಾಜಿನಲ್ಲಿ ಕೊಂಡ ಕಾಫಿಗೇ ಈ ಸಂಸ್ಕಾರ ಕೊಡುತ್ತಿದ್ದರು. ಎಂದರೆ, ಹೆಸರಿಗೆ ಸಿಕ್ಕ ಹೆಚ್ಚಿನ ಬೆಲೆ ಕರಾವಳಿಯಲ್ಲೇ ಉಳಿಯಿತು. ಹಣ್ಣು ಬೆಳೆದ ಮಲೆನಾಡಿನ ತೋಟಕ್ಕೆ ಚೆರ್ರಿಯ ಪಾಯಿಂಟ್ ಅಷ್ಟೇ. ಪೂಲಿನ ಟೀಕಾಕಾರರು ಕೈಹಾಕಬೇಕಿದ್ದ ಜಾಗ ಇದು. ಅವರು ಅದನ್ನು ಬಿಟ್ಟು, ಗುಣವೇ ಇರಲಿಲ್ಲ ಎಂದು ಹೊರಟರು.

1996ರಲ್ಲಿ ಬದಲಾದದ್ದು ಹೆಸರಿನ ಒಡೆತನ, ಹೆಸರಿಗೆ ಸಿಗುವ ಬೆಲೆಯ ಒಡೆತನ. ದರ್ಜೆಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕಾಫಿ ತೋಟದ ಹೆಸರಿನಲ್ಲಿ, ತಳಿಯ ಹೆಸರಿನಲ್ಲಿ ಮಾರಾಟವಾಗತೊಡಗಿತು. ಮಂಡಳಿಯಲ್ಲಿ ರುಚಿ ಪರೀಕ್ಷೆ ನಡೆಸುತ್ತಿದ್ದ ಸುನಾಲಿನಿ ಮೆನನ್ ಅದೇ ದಶಕದಲ್ಲಿ ಹೊರಬಂದು ಬೆಂಗಳೂರಿನಲ್ಲಿ ಕಾಫಿಲ್ಯಾಬ್ ತೆರೆದದ್ದೂ ಹಳೆಯ ವಿದ್ಯೆ ಹೊಸ ಮಾರುಕಟ್ಟೆಗೆ ದಾಟಿದ ಬಗೆಯನ್ನೇ ಹೇಳುತ್ತದೆ. 2013ರಲ್ಲಿ ಶುರುವಾದ ಬ್ಲೂ ಟೋಕಾಯ್‌ನಂಥ ರೋಸ್ಟರ್‌ಗಳು ಪೊಟ್ಟಣದ ಮೇಲೆ ತೋಟದ ಹೆಸರು ಅಚ್ಚುಹಾಕಿದ್ದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಎಸ್. 795 ಎಂದೂ ಅಚ್ಚುಹಾಕುವವರು ಅದು ಹುಟ್ಟಿದ ವಿಳಾಸ ಬಾಳೆಹೊನ್ನೂರು ಎಂಬುದನ್ನು ತಿಳಿದಿರಬೇಕು. ಗುಣಮಟ್ಟದ ಚರಿತ್ರೆಗೆ 1925ನ್ನೂ, ಬೆಲೆಯ ಚರಿತ್ರೆಗೆ 1996ನ್ನೂ ಮೊದಲೆಂದು ಇಟ್ಟುಕೊಂಡರೆ ಎರಡೂ ಸರಿಹೋಗುತ್ತವೆ; ಒಂದನ್ನು ಇನ್ನೊಂದಕ್ಕೆ ಕಟ್ಟಿದ್ದರಿಂದಲೇ ಇಷ್ಟು ಗೊಂದಲ.