ಹಳಿಯಾಳದ ದಾರಿಯಲ್ಲಿ ಒಂದು ಹೊಂಚುದಾಳಿ

ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಓದುವಾಗ ನಮಗೆ ಮೊದಲು ಕಾಣುವುದು ದೊಡ್ಡ ಸೈನ್ಯಗಳಲ್ಲ, ಸಣ್ಣ ಸಣ್ಣ ಹೊಂಚುದಾಳಿಗಳು. 1775ರ ಏಪ್ರಿಲ್ 19ರಂದು ಕಾಂಕರ್ಡ್‌ನಿಂದ ಬೋಸ್ಟನ್ನಿಗೆ ಹಿಂದಿರುಗುತ್ತಿದ್ದ ಇಂಗ್ಲಿಷ್ ಸೈನ್ಯದ ಮೇಲೆ ಹಳ್ಳಿಯ ರೈತರು ಕಲ್ಲುಗೋಡೆಗಳ ಮರೆಯಿಂದ, ಮರಗಳ ಹಿಂದಿನಿಂದ ಗುಂಡು ಹಾರಿಸಿದರು. ಅದೇ ಆಗಸ್ಟ್ ತಿಂಗಳಲ್ಲಿ ಮೂರನೆಯ ಜಾರ್ಜ್ ದೊರೆ ಆ ವಸಾಹತುಗಳು ದಂಗೆಯೆದ್ದಿವೆ ಎಂದು ಸಾರಿದ. ಎಂಟು ವರ್ಷಗಳ ನಂತರ ದಂಗೆಕೋರರು ಗೆದ್ದರು. ಗೆದ್ದುದರಿಂದಲೇ ಅವರು ಸ್ವಾತಂತ್ರ್ಯ ಯೋಧರಾದರು. ಸೋತಿದ್ದರೆ ಚರಿತ್ರೆ ಅವರನ್ನು ಏನೆಂದು ಕರೆಯುತ್ತಿತ್ತು?

ಈ ಪ್ರಶ್ನೆಯನ್ನು ನಾವು ಕೇಳುತ್ತಿರುವುದು ಅಮೆರಿಕದವರಿಗಾಗಿ ಅಲ್ಲ. ನಮ್ಮದೇ ಮಲೆನಾಡಿನ ಅಂಚಿನಲ್ಲಿ, 18ನೆಯ ಶತಮಾನದ ಕಡೆಯ ವರ್ಷದಲ್ಲಿ ನಡೆದ ಒಂದು ಹೊಂಚುದಾಳಿಯ ಸಲುವಾಗಿ ಕೇಳುತ್ತಿದ್ದೇವೆ. 1800ರ ಜೂನ್ 30ರಂದು ಕಿತ್ತೂರಿನ ಸಮೀಪ ಒಂದು ಹಳ್ಳದ ದಂಡೆಯಲ್ಲಿ ಅದು ನಡೆಯಿತು. ಸೋತವರು ಜೀವ ಉಳಿಸಿಕೊಳ್ಳಲು ಓಡಿ ಬಂದದ್ದು ಹಳಿಯಾಳಕ್ಕೆ, ಅಂದರೆ ಯಲ್ಲಾಪುರದ ನೆರೆಯ ಊರಿಗೆ. ಆಗ ಇದೆಲ್ಲ ಸೋಂದಾ ಸೀಮೆ.

ಆ ಕಾಲದ ಅಮೆರಿಕಕ್ಕೂ ನಮಗೂ ಸಂಬಂಧವಿಲ್ಲವೆಂದು ತಿಳಿಯಬೇಕಾಗಿಲ್ಲ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಇಂಗ್ಲಿಷರ ‘ಜನರಲ್ ಮಂಕ್’ ಎಂಬ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಇಂಗ್ಲಿಷರೊಂದಿಗೆ ಕಾದಾಡುತ್ತಿದ್ದ ಮೈಸೂರಿನ ನವಾಬನ ಹೆಸರು ಅಟ್ಲಾಂಟಿಕ್ ಸಮುದ್ರದಾಚೆಗೂ ಮುಟ್ಟಿತ್ತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಎದುರು ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ಪಡೆದವನು. ಅಲ್ಲಿ ಕಳೆದುಕೊಂಡ ಸಾಮ್ರಾಜ್ಯಕ್ಕೆ ಇಲ್ಲಿ ಪರಿಹಾರ ಸಿಕ್ಕಿತು.

ಸೋಂದಾ ಸೀಮೆಯ ಕತೆಯನ್ನು ಮೊದಲು ಒಂದಿಷ್ಟು ನೋಡೋಣ. ಇಂದಿನ ಸಿರ್ಸಿ, ಯಲ್ಲಾಪುರ ತಾಲೂಕುಗಳ ನೆಲವೆಲ್ಲ ಸೋಂದೆಯ ಅರಸರದು. ಸಿದ್ದಾಪುರದ ಕಡೆ ಬಿಳಗಿಯ ಪಾಳೆಯಗಾರರು ಇದ್ದರು. ಮೆಣಸು, ಅಡಿಕೆ, ಏಲಕ್ಕಿಯ ತೋಟಗಳು ಮತ್ತು ಘಟ್ಟದ ದಾರಿಗಳಲ್ಲಿ ಎತ್ತುವ ಸುಂಕ, ಇವೇ ಈ ಸೀಮೆಯ ಸಂಪತ್ತು. 1763ರ ಕೊನೆಯಲ್ಲಿ ಹೈದರನ ಸೇನಾನಿ ಫಜಲುಲ್ಲಾ ಖಾನ್ ಸೋಂದೆಯನ್ನು ಹಿಡಿದ. ಅರಸ ಇಮ್ಮಡಿ ಸದಾಶಿವ ಗೋವೆಗೆ ಓಡಿಹೋಗಿ, ಘಟ್ಟದ ಕೆಳಗಿನ ತನ್ನ ನೆಲವನ್ನು ಪೋರ್ಚುಗೀಜರಿಗೆ ಬಿಟ್ಟುಕೊಟ್ಟು, ಅವರ ಆಶ್ರಯದಲ್ಲಿ ಉಳಿದ. ಅಲ್ಲಿಂದ 1799ರವರೆಗೆ ಸುಮಾರು 36 ವರ್ಷ ಈ ಸೀಮೆ ಮೈಸೂರಿಗೆ ಸೇರಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರ ಕೆನರಾ ಮತ್ತು ಸೋಂದಾ ಎರಡನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು. ಥಾಮಸ್ ಮನ್ರೊ ಅದರ ಕಲೆಕ್ಟರನಾಗಿ ಬಂದ. ಹಳಿಯಾಳದ ಕೋಟೆಯಲ್ಲಿ ಕಂಪನಿಯ ಠಾಣ್ಯ ಕೂತಿತು.

ಟಿಪ್ಪು ಸತ್ತ ದಿನ ಶ್ರೀರಂಗಪಟ್ಟಣದ ಸೆರೆಮನೆಯಿಂದ ಹೊರಬಿದ್ದವರಲ್ಲಿ ಒಬ್ಬ ಧೋಂಡಿಯಾ ವಾಘ್. ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠಾ ಮನೆತನದಲ್ಲಿ. ಹೈದರನ ಕುದುರೆ ದಂಡಿನಲ್ಲಿ ಚಾಕರಿ ಮಾಡಿದವನು. 1792ರ ಯುದ್ಧದ ಗೊಂದಲದಲ್ಲಿ ಚಾಕರಿ ಬಿಟ್ಟು, ಒಂದು ಗುಂಪು ಕಟ್ಟಿಕೊಂಡು ಸವಣೂರು, ಲಕ್ಷ್ಮೇಶ್ವರದ ಕಡೆ ತನ್ನದೇ ಪಾಳೆಯ ಹೂಡಿದ. ಅಲ್ಲಿಂದ ಅವನನ್ನು ಓಡಿಸಿದವನು ಪೇಶ್ವೆಯ ಕಡೆಯ ಸರದಾರ ಧೋಂಡೋಪಂತ ಗೋಖಲೆ. ಮತ್ತೆ ಟಿಪ್ಪುವಿನ ಬಳಿ ಬಂದ. ಟಿಪ್ಪು ಅವನನ್ನು ಇಸ್ಲಾಮಿಗೆ ಸೇರಿಸಿ, ಮಲಿಕ್ ಜಹಾನ್ ಖಾನ್ ಎಂಬ ಹೆಸರಿಟ್ಟ. ಆಮೇಲೆ ಸಂಶಯ ಬಂದು ಸಂಕೋಲೆ ತೊಡಿಸಿ ಸೆರೆಯಲ್ಲಿಟ್ಟ. ಅಂದರೆ ಟಿಪ್ಪುವಿನ ಹೆಸರಿನಲ್ಲಿ ಇಂಗ್ಲಿಷರನ್ನು ಎದುರಿಸಿದನೆಂದು ನಾವಿಂದು ನೆನೆಯುವ ಮನುಷ್ಯ ಟಿಪ್ಪುವಿನದೇ ಕೈದಿ. ಟಿಪ್ಪು ಕೊಟ್ಟ ಹೆಸರು ಕಾಗದದಲ್ಲಿ ಉಳಿಯಿತು. ಜನ ಅವನನ್ನು ಕೊನೆಯವರೆಗೂ ಹುಲಿ ಎಂದರ್ಥದ ವಾಘ್ ಎಂದೇ ಕರೆದರು.

ಸೆರೆಯಿಂದ ಹೊರಬಂದವನ ಸುತ್ತ ಜನ ಏಕೆ ಸೇರಿದರು? ಉತ್ತರ ಕಷ್ಟವಲ್ಲ. ಟಿಪ್ಪುವಿನ ಸೈನ್ಯವನ್ನು ಚದುರಿಸಲಾಗಿತ್ತು. ಕುದುರೆ, ಕತ್ತಿ ಬಿಟ್ಟರೆ ಬೇರೆ ಕಸುಬು ತಿಳಿಯದ ಸಾವಿರಾರು ಸಿಪಾಯಿಗಳು ಒಂದೇ ದಿನದಲ್ಲಿ ಅನ್ನ ಕಳೆದುಕೊಂಡರು. ಅವರಲ್ಲಿ ಮುಸಲ್ಮಾನರಿದ್ದರು, ಮರಾಠರಿದ್ದರು, ಬೇಡರಿದ್ದರು. ಹೊಸ ಸರಕಾರಕ್ಕೆ ಅವರು ಬೇಡವಾಗಿದ್ದರು, ಧೋಂಡಿಯಾನಿಗೆ ಬೇಕಾಗಿದ್ದರು. ಕೆಲವೇ ವಾರಗಳಲ್ಲಿ ಬಿದನೂರು, ಶಿಕಾರಿಪುರದ ಸೀಮೆ ಅವನ ಕೈಗೆ ಬಂತು. ಆಗಸ್ಟಿನಲ್ಲಿ ಕಂಪನಿ ಸೈನ್ಯ ಅವನನ್ನು ಮರಾಠಾ ನೆಲಕ್ಕೆ ಅಟ್ಟಿತು. ಅಲ್ಲಿ ಕಾದಿದ್ದವನು ಅದೇ ಗೋಖಲೆ. ಧೋಂಡಿಯಾನ ಪಾಳೆಯಕ್ಕೆ ನುಗ್ಗಿ ಆನೆ, ಒಂಟೆ, ತೋಪುಗಳನ್ನು ದೋಚಿದ. ಗೋಖಲೆಯ ಎದೆಯ ರಕ್ತದಿಂದ ಮೀಸೆಗೆ ಬಣ್ಣ ಹಚ್ಚುತ್ತೇನೆಂದು ಧೋಂಡಿಯಾ ಶಪಥ ಮಾಡಿದನೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಹೇಳುತ್ತಾನೆ.

1800ರ ಬೇಸಿಗೆಯ ಹೊತ್ತಿಗೆ ಧೋಂಡಿಯಾ ಮತ್ತೆ ಬಲಿತಿದ್ದ. ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡಿದ್ದ. ಅವನನ್ನು ಹಿಡಿಯಲು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹೊರಟ. ಸಿಕ್ಕಿದರೆ ಮೊದಲು ಕಂಡ ಮರಕ್ಕೆ ನೇಣು ಹಾಕಬೇಕೆಂದು ಮದರಾಸಿನಿಂದ ಅವನಿಗೆ ಆಜ್ಞೆಯಾಗಿತ್ತು. ಈ ಆಜ್ಞೆಯ ಹಿಂದಿರುವ ಯೋಚನೆಯನ್ನು ಗಮನಿಸಬೇಕು. ಶತ್ರು ರಾಜನನ್ನು ಹಿಡಿದರೆ ಅವನು ಯುದ್ಧಕೈದಿ. ಕಳ್ಳನನ್ನು ಹಿಡಿದರೆ ಮರ, ಹಗ್ಗ ಸಾಕು. ಕಳ್ಳನ ಬೆನ್ನು ಹತ್ತಿದ್ದೇವೆ ಎಂದರೆ ಇನ್ನೊಬ್ಬರ ರಾಜ್ಯದ ಗಡಿ ದಾಟುವುದಕ್ಕೂ ನೆವ ಸಿಗುತ್ತದೆ. ಧೋಂಡಿಯಾನನ್ನು ಲೂಟಿಕೋರ ಎಂದು ಕರೆದದ್ದು ಕೇವಲ ಬೈಗುಳವಾಗಿರಲಿಲ್ಲ, ಅದು ಕಂಪನಿಗೆ ಉಪಯೋಗಕ್ಕೆ ಬರುವ ಮಾತಾಗಿತ್ತು.

ಜೂನ್ ಕೊನೆಯಲ್ಲಿ ವೆಲ್ಲೆಸ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರನ್ನು ಹಿಡಿದಿದ್ದ. ಅವನಿಗೆ ನೆರವಾಗಬೇಕಾಗಿದ್ದ ಮರಾಠಾ ದಂಡು ಬೇರೆ ಕಡೆ ಇತ್ತು. ಅದರಲ್ಲಿ ಗೋಖಲೆ ಇದ್ದ, ಪಟವರ್ಧನ ಮನೆತನದ ಚಿಂತಾಮಣರಾಯನಿದ್ದ, ಗೋಖಲೆಯ ಅಣ್ಣನ ಮಗ ಬಾಪು ಗೋಖಲೆಯೂ ಇದ್ದ. ಆರಿದ್ರಾ ಮಳೆಯ ದಿನಗಳು. ಜೂನ್ 30ರಂದು ಕಿತ್ತೂರಿನ ಬಳಿ ಈ ದಂಡು ಒಂದು ಹಳ್ಳ ದಾಟುತ್ತಿತ್ತು. ಮುಂದಿನವರು ಆಚೆ ದಡ ಸೇರಿದ್ದರು. ಹಿಂದಿನ ಪಡೆಯೊಂದಿಗೆ ಗೋಖಲೆ ಇನ್ನೂ ಈಚೆ ದಡದಲ್ಲಿದ್ದ. ಕಾಡಿನ ಮರೆಯಲ್ಲಿ ಹೊಂಚು ಹಾಕಿದ್ದ ಧೋಂಡಿಯಾ ಆರಿಸಿದ ಸವಾರರೊಂದಿಗೆ ಆ ಹಿಂಬದಿ ಪಡೆಯ ಮೇಲೆ ಬಿದ್ದ. ಗೋಖಲೆ ಸತ್ತ. ಚಿಂತಾಮಣರಾಯ ಗಾಯಗೊಂಡ. ಬಾಪು ಗೋಖಲೆಗೂ ಗಾಯವಾಯಿತು. ಆಚೆ ದಡದವರು ಹಿಂದಿರುಗಿ ಕಾದಾಡಲಿಲ್ಲ, ಉಳಿದವರೊಂದಿಗೆ ಹಳಿಯಾಳದ ದಾರಿ ಹಿಡಿದರು. ಧೋಂಡಿಯಾ ತನ್ನ ಶಪಥ ತೀರಿಸಿಕೊಂಡನೆಂದು ಡಫ್ ಬರೆದಿದ್ದಾನೆ.

ಯುದ್ಧವೆಂದು ನೋಡಿದರೆ ಇದು ಸಣ್ಣ ಘಟನೆ. ಧೋಂಡಿಯಾ ಅದರಿಂದ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಪಡೆದ, ಅಷ್ಟೆ. ಜುಲೈ 26ರಂದು ಡಂಬಳದ ಕೋಟೆ ಬಿತ್ತು. ಜುಲೈ 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ವೆಲ್ಲೆಸ್ಲಿ ಅವನ ಪಾಳೆಯದ ಮೇಲೆ ಬಿದ್ದ. ಜನ, ಕುದುರೆ, ಒಂಟೆ ಎಷ್ಟೋ ತುಂಬಿದ ಹೊಳೆಯ ಪಾಲಾದವು. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಸುಮಾರು ಐದು ಸಾವಿರ ಸವಾರರೊಂದಿಗೆ ನಿಂತಿದ್ದ ಧೋಂಡಿಯಾನನ್ನು ನಾಲ್ಕು ಕುದುರೆ ರೆಜಿಮೆಂಟುಗಳು ಎದುರಿಸಿದವು. ವೆಲ್ಲೆಸ್ಲಿ ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯಾ ಅಲ್ಲಿ ಸತ್ತ. ಹದಿನೈದು ವರ್ಷಗಳ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿಗೆಲ್ಲ ಹೆಸರಾದವನು ಇದೇ ವೆಲ್ಲೆಸ್ಲಿ. ಧೋಂಡಿಯಾನ ಪಾಳೆಯದಲ್ಲಿ ಅವನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದ. ಅಪ್ಪನನ್ನು ಮರಕ್ಕೆ ತೂಗಲು ಬಂದವನು ಮಗನನ್ನು ಸಾಕಿ, ಇಲ್ಲಿಂದ ಹೋಗುವಾಗ ಅವನಿಗಾಗಿ ಹಣ ಬಿಟ್ಟುಹೋದ. ಮನುಷ್ಯರನ್ನು ಒಂದೇ ಮಾತಿನಲ್ಲಿ ಅಳೆಯಬಾರದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಈಗ ಹಳಿಯಾಳಕ್ಕೆ ಓಡಿ ಬಂದವರ ಕಡೆಗೆ ತಿರುಗೋಣ. ಗಾಯಗೊಂಡು ಕಂಪನಿಯ ಆಸರೆಗೆ ಬಂದ ಬಾಪು ಗೋಖಲೆ ಮುಂದೆ ಪೇಶ್ವೆಯ ಸೇನಾಪತಿಯಾದ. 1818ರ ಫೆಬ್ರವರಿ 20ರಂದು ಅಷ್ಟಿಯಲ್ಲಿ ಅದೇ ಕಂಪನಿಯ ಸೈನ್ಯದೊಂದಿಗೆ ಕಾದಾಡಿ ಮಡಿದ. ಇಂದು ಮಹಾರಾಷ್ಟ್ರದಲ್ಲಿ ಅವನು ವೀರ. ಇನ್ನು ಕಿತ್ತೂರು. ಟಿಪ್ಪುವಿನ ಸೆರೆಯಲ್ಲಿದ್ದು ಬಂದ ಮಲ್ಲಸರ್ಜ ಆಗ ಅಲ್ಲಿನ ದೇಸಾಯಿ. 1818ರಲ್ಲಿ ಮನ್ರೊ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಕಂಪನಿಗೆ ನೆರವಾಯಿತು. ಆರೇ ವರ್ಷಗಳಲ್ಲಿ, 1824ರ ಅಕ್ಟೋಬರ್ 23ರಂದು, ಅದೇ ಕಿತ್ತೂರಿನ ಬಾಗಿಲಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ರಾಣಿ ಚೆನ್ನಮ್ಮ ನಮ್ಮೆಲ್ಲರ ಹೆಮ್ಮೆಯಾದಳು.

ಹಾಗಾದರೆ ಆ ಹಳ್ಳದ ದಂಡೆಯಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಯಾರು? ಕೊಂದವನು ಹಿಂದೂವಾಗಿ ಹುಟ್ಟಿ ಮುಸಲ್ಮಾನನಾದ ಮರಾಠ. ಸತ್ತವನು ಬ್ರಾಹ್ಮಣ ಸರದಾರ. ಇವರ ಜಗಳಕ್ಕೆ ಧರ್ಮ ಕಾರಣವಾಗಿರಲಿಲ್ಲ. ಕಾರಣ ಧಾರವಾಡ ಸೀಮೆಯ ವಸೂಲಿ ಯಾರದೆಂಬುದು, ಮತ್ತು ಎರಡು ಸಲ ಸೋತವನ ಹಗೆ. ಅದಕ್ಕೂ ಹಿಂದೆ 1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಮರಾಠಾ ದಂಡಿನ ಜೊತೆ ಬಂದ ಸವಾರರು, ಮಠಕ್ಕೆ ಹಣ, ಸಾಮಗ್ರಿ ಕಳಿಸಿದವನು ಟಿಪ್ಪು. ಸೋಂದೆಯ ಹಿಂದೂ ಅರಸ ಆಶ್ರಯ ಬೇಡಿದ್ದು ಕ್ರೈಸ್ತ ಪೋರ್ಚುಗೀಜರಲ್ಲಿ. ಇಂದಿನ ಪಕ್ಷಗಳ ಬಣ್ಣವನ್ನು ಆ ಕಾಲದವರ ಮೈಗೆ ಬಳಿಯಲು ಹೋದರೆ ಅದು ಅಂಟುವುದಿಲ್ಲ.

ಆದರೂ ನಾವು ಬಳಿಯುತ್ತಲೇ ಇದ್ದೇವೆ. 2015ರಲ್ಲಿ ಕರ್ನಾಟಕ ಸರಕಾರ ಟಿಪ್ಪು ಜಯಂತಿಯನ್ನು ಶುರುಮಾಡಿತು, 2019ರಲ್ಲಿ ಇನ್ನೊಂದು ಸರಕಾರ ಅದನ್ನು ನಿಲ್ಲಿಸಿತು. ನಡುವಿನ ವರ್ಷಗಳಲ್ಲಿ ಎರಡೂ ಕಡೆಯವರು ಚರಿತ್ರೆಯಿಂದ ಸಾಕ್ಷಿಗಳನ್ನು ಹುಡುಕಿ ತಂದರು. ಒಂದು ಕಡೆಯವರಿಗೆ ಎಲ್ಲರೂ ದೇಶಭಕ್ತರು, ಇನ್ನೊಂದು ಕಡೆಯವರಿಗೆ ಎಲ್ಲರೂ ಮತಾಂಧರು. ಈ ಎರಡು ಪಟ್ಟಿಗಳಲ್ಲಿ ಧೋಂಡಿಯಾನನ್ನು ಎಲ್ಲಿ ಬರೆಯುವುದು? ಅವನು ಇಂಗ್ಲಿಷರಿಗೆ ತಲೆಬಾಗಲಿಲ್ಲ, ಇದು ನಿಜ. ಅವನ ಸವಾರರು ಹೊಟ್ಟೆ ಹೊರೆದದ್ದು ಊರೂರು ದೋಚಿ, ಇದೂ ನಿಜ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಟ್ಟರೆ ನಮ್ಮ ಹೆಮ್ಮೆಗೆ ಬುಡವಿರುವುದಿಲ್ಲ. ಎರಡನೆಯದನ್ನಷ್ಟೇ ಹೇಳಿದರೆ ಕಂಪನಿಯ ಮಾತನ್ನೇ ಗಿಳಿಯಂತೆ ಒಪ್ಪಿಸಿದಂತಾಗುತ್ತದೆ. ಉರ್ದುವಿನಲ್ಲಿ ಬಾಗೀ ಎಂಬ ಮಾತಿದೆ. ಅಧಿಕಾರಕ್ಕೆ ತಿರುಗಿಬಿದ್ದವನು ಎಂದಷ್ಟೇ ಅದರ ಅರ್ಥ, ಅವನು ಒಳ್ಳೆಯವನೋ ಕೆಟ್ಟವನೋ ಎಂದು ಅದು ಹೇಳುವುದಿಲ್ಲ. ಧೋಂಡಿಯಾನಿಗೆ ನಮಗೆ ಸರಿಯೆನಿಸುವ ಮಾತು ಅದು.

ಈ ಕತೆಯಲ್ಲಿ ಹೆಸರಿಲ್ಲದವರೂ ಇದ್ದಾರೆ. ವೆಲ್ಲೆಸ್ಲಿಯ ಸೈನ್ಯಕ್ಕೆ ಅಕ್ಕಿ ಬೇಕಾಗಿತ್ತು. ಅದನ್ನು ಒದಗಿಸುವ ಹೊಣೆ ಕಲೆಕ್ಟರ್ ಮನ್ರೊನದು. ಮನ್ರೊ ಗದ್ದೆ ಉತ್ತವನಲ್ಲ, ಎತ್ತಿನ ಬೆನ್ನಿಗೆ ಹೇರು ಕಟ್ಟಿ ಮಳೆಯ ಕೆಸರಿನಲ್ಲಿ ನಡೆದವನಲ್ಲ. ಆ ಕೆಲಸ ಮಾಡಿದವರು ಕೆನರಾದ, ಸೋಂದಾ ಸೀಮೆಯ ಸಾಮಾನ್ಯ ಜನ. ಹೈದರ್ ಬಂದಾಗಲೂ, ಟಿಪ್ಪು ಇದ್ದಾಗಲೂ, ಕಂಪನಿ ಬಂದಾಗಲೂ ಕಂದಾಯ ಕೊಟ್ಟವರು ಅವರೇ. 1801ರ ಮಾರ್ಚಿನಲ್ಲಿ ಡಾಕ್ಟರ್ ಬುಕಾನನ್ ಯಲ್ಲಾಪುರ, ಸೋಂದೆ, ಸಿರ್ಸಿ, ಬನವಾಸಿಯ ದಾರಿಯಲ್ಲಿ ಹೋದಾಗ ಪಾಳುಬಿದ್ದ ಸೋಂದೆಯನ್ನು ಕಂಡ, ಅಡಿಕೆ ಮೆಣಸಿನ ತೋಟಗಳ ವಿವರ ಬರೆದುಕೊಂಡ. ಅರಮನೆ ಬಿದ್ದುಹೋಗಿತ್ತು, ತೋಟ ಉಳಿದಿತ್ತು.

ಇದೇ ಜನರ ಮೊಮ್ಮಕ್ಕಳು, ಮರಿಮಕ್ಕಳು 1930ರ ದಶಕದಲ್ಲಿ ಸಿರ್ಸಿ, ಸಿದ್ದಾಪುರದಲ್ಲಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಮನೆ, ಜಮೀನು ಕಳೆದುಕೊಂಡರು. ಜಪ್ತಿಯಾದ ಆಸ್ತಿ ಕೊಂಡವರ ಮನೆಯ ಮುಂದೆ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹ ಕೂತರು. ಅವರ ಕೈಯಲ್ಲಿ ಕತ್ತಿ ಇರಲಿಲ್ಲ, ಯಾರನ್ನೂ ಹೊಂಚು ಹಾಕಲಿಲ್ಲ. ಅವರು ಕಳೆದುಕೊಂಡದ್ದು ತಮ್ಮದನ್ನು, ದೋಚಿದ್ದನ್ನಲ್ಲ. ಸ್ವಾತಂತ್ರ್ಯ ಎಂಬ ಮಾತು ಅಲ್ಲಿ ಯಾವ ಅನುಮಾನವೂ ಇಲ್ಲದೆ ಹೊಂದುತ್ತದೆ.

1800ರ ಆ ಹಳ್ಳದ ದಂಡೆಯಲ್ಲಿ ಅದು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಹಾಗೆಂದು ಆ ದಿನವನ್ನು ಮರೆಯಬೇಕಾಗಿಲ್ಲ. ಕೆಲಸ ಕಳೆದುಕೊಂಡ ಸಿಪಾಯಿ, ಹಗೆ ತೀರಿಸಲು ಕಾಯುತ್ತಿದ್ದ ನಾಯಕ, ಪರರ ಯುದ್ಧಕ್ಕೆ ಬಂದು ಸತ್ತ ಸರದಾರ, ಅಕ್ಕಿ ಹೊತ್ತ ರೈತ, ಇವರೆಲ್ಲ ನಮ್ಮ ನಾಡಿನವರೇ, ನಮ್ಮ ಹಿರೀಕರೇ. ಅವರ ಹೆಸರು ಹಿಡಿದು ನಾವು ಇಂದು ಒಬ್ಬರ ಮೇಲೊಬ್ಬರು ಹೊಂಚು ಹಾಕುವುದನ್ನು ಬಿಟ್ಟರೆ, ಅವರು ಹೇಗೆ ಬದುಕಿದರು, ಯಾತಕ್ಕೆ ಸತ್ತರು ಎಂಬುದು ನಮ್ಮ ಕಣ್ಣಿಗೆ ಬೀಳಬಹುದು.