ಶೆಟ್ಟಿಕೆರೆ ಸೀಮೆಯ ದೈವಭಕ್ತಿ

ಶೆಟ್ಟಿಕೆರೆ ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿಂದ ತಿಪಟೂರು, ತುರುವೇಕೆರೆಗಳವರೆಗೂ ತೆಂಗಿನ ಸೀಮೆ. ಇಲ್ಲಿಯ ಭಕ್ತಿ ಗುಡಿಯ ಹೊಸ್ತಿಲಿಗೆ ನಿಂತದ್ದಲ್ಲ. ತೋಟದ ದುಡಿಮೆ, ದನಕರು, ಅನ್ನ, ಮಕ್ಕಳ ಓದು, ಹೆಣ್ಣಿನ ಸ್ಥಾನಮಾನ ಎಲ್ಲಕ್ಕೂ ಅದರ ಕೈ ತಾಗಿದೆ. ಕೊಡುವುದನ್ನು ಕಲಿಸಿದ ಭಕ್ತಿಯೇ ಕೆಲವರನ್ನು ಹೊರಗಿಡುವುದನ್ನೂ ಕಲಿಸಿದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಈ ಸೀಮೆಯ ಚಿತ್ರ ಅರ್ಧವಾಗುತ್ತದೆ.

ಕಾಯಿ ಒಡೆಯದೆ ಇಲ್ಲಿ ಹಬ್ಬವಾಗಲಿ ಹರಕೆಯಾಗಲಿ ಪೂರೈಸದು. ಬೇರೆ ಊರುಗಳವರ ಪೂಜೆಗೂ ಇಲ್ಲಿಯ ರೈತರ ಬದುಕಿಗೂ ಗಟ್ಟಿಯಾದ ನಂಟಿದೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹಲವು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆಯುತ್ತಾರೆ. ತಿಪಟೂರು ಎಪಿಎಂಸಿಯ ಹರಾಜಿನಿಂದ ಅದು ಉತ್ತರ ಭಾರತಕ್ಕೆ ಹೋಗಿ ಅಲ್ಲಿಯ ಮದುವೆ, ಹಬ್ಬ, ಪೂಜೆಗಳಿಗೆ ಒದಗುತ್ತದೆ. ಹಬ್ಬದ ಬೇಡಿಕೆ ಏರಿದರೆ ಅಟ್ಟಕ್ಕೆ ಬೆಲೆ. ಇಳಿದರೆ ಖರೀದಿ ಸಂಸ್ಥೆ ನಾಫೆಡ್‌ನ ಬೆಂಬಲ ಬೆಲೆಗಾಗಿ ಸರದಿ. ದೂರದ ಮನೆಯ ಸಂಪ್ರದಾಯವೊಂದು ಶೆಟ್ಟಿಕೆರೆಯ ರೈತನ ಸಾಲ ತೀರಿಸುವುದೂ ಉಂಟು.

ತಿಪಟೂರಿನ ಹತ್ತಿರದ ದಸರೀಘಟ್ಟದ ಚೌಡೇಶ್ವರಿ ಕಳಶದ ತುದಿಯಿಂದ ಬರೆದು ಉತ್ತರ ಕೊಡುತ್ತಾಳೆಂಬುದು ಭಕ್ತರ ನಂಬಿಕೆ. ಮದುವೆ, ಕಾಯಿಲೆ, ಮನೆಯ ಜಗಳ ಅವಳ ಮುಂದೆ ಹೋಗುತ್ತವೆ. ಭಕ್ತಿಯ ನಂಟು ರಂಗಭೂಮಿಗೂ ಹಬ್ಬಿತ್ತು. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯೂ ಊರದೇವರು ಚನ್ನಬಸವೇಶ್ವರನ ಹೆಸರನ್ನೇ ಹೊತ್ತಿತ್ತು.

ಭಕ್ತಿ ಅತ್ಯಂತ ಉದಾರವಾಗಿ ಕಾಣುವುದು ದಾಸೋಹದಲ್ಲಿ. 1941ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ (1907–2019) ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟರು. ಜಿಲ್ಲೆಯ ರೈತರು ಸುಗ್ಗಿಯಲ್ಲಿ ರಾಗಿ, ಭತ್ತ, ಕಾಯಿಗಳನ್ನು ಮಠಕ್ಕೆ ಒಪ್ಪಿಸುವುದು ವಾಡಿಕೆಯಾಯಿತು. ಬಡವರ ಮಕ್ಕಳ ಓದನ್ನು ಊರೂರು ತನ್ನ ಹೊಣೆಯೆಂದು ತಿಳಿದದ್ದು ಈ ಜಿಲ್ಲೆಯ ಅತಿ ದೊಡ್ಡ ಸಾಧನೆ. ಅದನ್ನು ಸರ್ಕಾರದ ಯಾವ ಯೋಜನೆಗಿಂತಲೂ ಕಡಿಮೆ ಎಣಿಸಬಾರದು.

ಈ ಸೀಮೆಯ ಪಶುಪಾಲಕ ಸಮುದಾಯವಾದ ಕಾಡುಗೊಲ್ಲರ ಹಟ್ಟಿಗಳ ಕಥೆ ಹೆಚ್ಚು ಜಟಿಲ. ಅವರ ದೈವ ಜುಂಜಪ್ಪ ದನ ಕಾಯ್ದ ವೀರ. ಬಿದಿರಿನ ಉದ್ದನೆಯ ಗಣೆ ಊದಿ ಅವನ ಕಥೆಯನ್ನು ಗಂಟೆಗಟ್ಟಲೆ ಹಾಡುತ್ತಾರೆ. ದೇವರ ಹೆಸರಿಗೆ ಬಿಟ್ಟ ಎತ್ತುಗಳನ್ನು ನೇಗಿಲಿಗೆ ಕಟ್ಟುವುದಿಲ್ಲ. ಬರಗಾಲದ ನೆಲದಲ್ಲಿ ದನದ ಮೇಲಿನ ಇಂಥ ಪ್ರೀತಿ, ಅಕ್ಷರದ ಹಂಗಿಲ್ಲದೆ ಉಳಿದುಬಂದ ಇಷ್ಟು ದೊಡ್ಡ ಕಾವ್ಯ ಎರಡೂ ಜುಂಜಪ್ಪನ ಭಕ್ತಿಯ ಫಲ. ಆದರೆ ಹಟ್ಟಿಯ ಮಡಿ ಕೆಡಬಾರದೆಂದು ಮುಟ್ಟಾದವರನ್ನೂ ಬಾಣಂತಿ, ಕೂಸುಗಳನ್ನೂ ಹೊರಗಿನ ಗುಡಿಸಲಿಗೆ ಕಳಿಸುವ ಸೂತಕವೂ ಅದೇ ಭಕ್ತಿಯ ಹೆಸರಿನಲ್ಲಿ ನಡೆದುಬಂದಿದೆ. ಅವರಿಗೆ ನೆರಳಾಗಲೆಂದು ಸರ್ಕಾರ ಕೆಲವು ಹಟ್ಟಿಗಳ ಹೊರಗೆ ಕೃಷ್ಣ ಕುಟೀರಗಳನ್ನು ಕಟ್ಟಿಸಿತು. ಮಳೆಯಿಂದ ಕಾಪಾಡುವ ಆ ಕಟ್ಟಡಗಳು ಹೊರಗಿಡುವ ಪದ್ಧತಿಗೆ ಸರ್ಕಾರಿ ಗೋಡೆಯನ್ನೂ ಒದಗಿಸಿದವು ಎಂಬ ಆಕ್ಷೇಪಣೆ ನ್ಯಾಯವಾದದ್ದೇ.

ಇಂಥ ಬಲವಂತದ ಪ್ರತ್ಯೇಕತೆಯನ್ನು ಅಪರಾಧವೆಂದು ಸಾರಿದ 2017ರ ಮೌಢ್ಯ ನಿಷೇಧ ಕಾಯ್ದೆ 2020ರಲ್ಲಿ ಜಾರಿಗೆ ಬಂದಿತು. 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ತಾಯಿಯೊಡನೆ ಊರಾಚೆಯ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಕಾಯ್ದೆ ಜಾರಿಗೆ ಬಂದು ಆಗ ಮೂರು ವರ್ಷ ದಾಟಿತ್ತು. ಹಟ್ಟಿಯಲ್ಲಿ ಮಾತ್ರ ದೈವ ಮುನಿದೀತೆಂಬ ಭಯವೇ ಇನ್ನೂ ಮೇಲಾಗಿತ್ತು.