ಕಾರ್ಖಾನೆಯಲ್ಲೇ ಉಳಿದುಹೋದ ಡ್ರೈಯರ್

ಮನೆಯ ತ್ರೀಡಿ ಪ್ರಿಂಟರಿನ ಇತಿಹಾಸವೆಂದರೆ ಸಾಮಾನ್ಯವಾಗಿ ಪೇಟೆಂಟಿನ ಕಥೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಹಾಕುವ ವಿಧಾನಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ 1989ರಲ್ಲಿ ಅರ್ಜಿ ಹಾಕಿದರು, 1992ರಲ್ಲಿ ಪೇಟೆಂಟ್ ದೊರೆಯಿತು, 2009ರಲ್ಲಿ ಅದರ ಅವಧಿ ಮುಗಿಯಿತು. ಅಷ್ಟರೊಳಗೆ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೌಯರ್ ಆರಂಭಿಸಿದ ರೆಪ್‌ರ‍್ಯಾಪ್ ಯೋಜನೆ ಯಂತ್ರದ ನಕ್ಷೆಗಳನ್ನು ಎಲ್ಲರ ಕೈಗಿಟ್ಟಿತ್ತು. ಹೀಗೆ ಯಂತ್ರವೇನೋ ಮನೆಗೆ ಬಂತು, ಆದರೆ ಪ್ಲಾಸ್ಟಿಕ್ಕನ್ನು ಒಣದಾಗಿಡುವ ತಿಳಿವಳಿಕೆ ಅದರ ಹಿಂದೆ ಬರಲಿಲ್ಲ. ಆ ತಿಳಿವಳಿಕೆಯಾದರೂ ಹೊಸದೇನಲ್ಲ. 1935ರಲ್ಲಿ ಡುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ನೈಲಾನ್ ನೀರು ಕುಡಿಯುವ ಪ್ಲಾಸ್ಟಿಕ್. ನೀರಿನಲ್ಲೇ ಬಿಟ್ಟರೆ ಅದರ ಕೆಲವು ಬಗೆಗಳು ತೂಕದ ಸುಮಾರು ಶೇ. 9ರಷ್ಟನ್ನು ಹೀರಿಕೊಳ್ಳುತ್ತವೆ. ಅದಕ್ಕೇ ಮೋಲ್ಡಿಂಗ್ ಕಾರ್ಖಾನೆಗಳಲ್ಲಿ ಹರಳುಗಳನ್ನು ಹಾಪರ್ ಡ್ರೈಯರಿನಲ್ಲಿ ಒಣಗಿಸದೆ ಯಂತ್ರಕ್ಕೆ ಸುರಿಯುವುದಿಲ್ಲ. ಕ್ರಂಪ್ ಅವರ ಸ್ಟ್ರಾಟಸಿಸ್ ಕಂಪನಿಯೂ ತನ್ನ ಕೈಗಾರಿಕಾ ಯಂತ್ರಗಳಿಗೆ ಫಿಲಮೆಂಟನ್ನು, ಅಂದರೆ ಪ್ಲಾಸ್ಟಿಕ್ ಎಳೆಯನ್ನು, ಮುಚ್ಚಿದ ಡಬ್ಬಿಯಲ್ಲೇ ಕೊಟ್ಟಿತು. ಮನೆಯ ಯಂತ್ರ ಅಗ್ಗವಾಗುವ ಹೊತ್ತಿಗೆ ಆ ಡಬ್ಬಿ ಹೋಗಿ, ಸ್ಪೂಲ್ ಬಯಲು ಗಾಳಿಗೆ ಬಂದು ಕೂತಿತು.

ಮನೆಯ ಪ್ರಿಂಟರುಗಳಲ್ಲಿ ಸಾಮಾನ್ಯವಾದ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಹಾಕಿದವರಿಗೆ ಒಣಗಿಸುವ ಗೊಡವೆಯೇ ಇರಲಿಲ್ಲವಲ್ಲ, ಇದೆಲ್ಲ ಡ್ರೈಯರ್ ಮಾರುವವರ ಗದ್ದಲ ಎಂಬ ಆಕ್ಷೇಪವಿದೆ. ಅದರಲ್ಲಿ ಅರ್ಧ ನಿಜ. ಪಿಎಲ್‌ಎ ನೈಲಾನಿನಷ್ಟು ನೀರು ಕುಡಿಯುವುದಿಲ್ಲ, ಒಣ ಹವೆಯ ಊರಿನಲ್ಲಿ ಅದು ಸುಧಾರಿಸಿಕೊಂಡು ಹೋಗುತ್ತದೆ. ಆದರೆ ನಾಝಲ್ಲಿನ 200 ಡಿಗ್ರಿ ಶಾಖದಲ್ಲಿ ಹೀರಿದ ನೀರು ಆವಿಯಾಗಿ ಚಟಪಟ ಸಿಡಿಯುತ್ತದೆ, ಮೇಲ್ಮೈಯಲ್ಲಿ ಗುಳ್ಳೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು: ಪಿಎಲ್‌ಎ, ಪಿಇಟಿಜಿಯಂಥ ಪಾಲಿಯೆಸ್ಟರುಗಳ ಉದ್ದ ಸರಪಳಿಗಳನ್ನೇ ಆ ಶಾಖದಲ್ಲಿ ನೀರು ಕತ್ತರಿಸುತ್ತದೆ, ವಸ್ತುವಿನ ಬಲ ಕುಗ್ಗುತ್ತದೆ. ತೇವ ತಗುಲಿದ ಹಪ್ಪಳ ಮೆತ್ತಗಾದರೆ, ತೇವದಲ್ಲಿ ಬಹುಕಾಲ ಬಿದ್ದ ಪಿಎಲ್‌ಎ ಸ್ಪೂಲಿನಲ್ಲೇ ಪಟ್ಟನೆ ಮುರಿಯುವುದುಂಟು.

ಸಿಲಿಕಾ ಜೆಲ್ ಪೊಟ್ಟಣ ಸಾಲದೆ ಎಂಬುದು ಇನ್ನೊಂದು ಮಾತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ 1919ರಲ್ಲಿ ಪೇಟೆಂಟ್ ಪಡೆದ ಈ ಹರಳು ಒಣಗಿದ್ದನ್ನು ಒಣದಾಗಿಡಲು ಸಮರ್ಥ. ಆದರೆ ಎಳೆಯ ಒಳಕ್ಕೆ ಇಳಿದ ನೀರನ್ನು ತಣ್ಣನೆಯ ಡಬ್ಬಿಯಲ್ಲಿ ಬೇಗ ಹೊರಗೆಳೆಯುವುದು ಅದರ ಕೈಲಾಗದ ಕೆಲಸ. ಅದಕ್ಕೆ ಶಾಖ ಬೇಕು, ಗಂಟೆಗಟ್ಟಲೆ ಬೇಕು. ಹವ್ಯಾಸಿಗಳು ಇದನ್ನು ಹಣ್ಣು ತರಕಾರಿ ಒಣಗಿಸುವ ಯಂತ್ರಗಳಲ್ಲಿ ಸ್ಪೂಲ್ ಇಟ್ಟು ತಾವೇ ಕಲಿತುಕೊಂಡರು. ಪ್ರಿಂಟರ್ ತಯಾರಕರು ಎಚ್ಚೆತ್ತದ್ದು ತಡವಾಗಿ: ಬಾಂಬು ಲ್ಯಾಬ್ ತನ್ನ ಬಹುವರ್ಣ ಫಿಲಮೆಂಟ್ ಪೆಟ್ಟಿಗೆಗೆ ಒಣಗಿಸುವ ವ್ಯವಸ್ಥೆ ಸೇರಿಸಿದ್ದು 2025ರಲ್ಲಿ. ಕರಾವಳಿಯ ಮಳೆಗಾಲದಲ್ಲಿ ಪ್ರಿಂಟರ್ ಓಡಿಸುವವರು ಅದರ ಬೆಲೆಗೆ ಡ್ರೈಯರಿನದನ್ನೂ ಕೂಡಿಸಿಯೇ ಲೆಕ್ಕ ಹಾಕಲಿ. ನೈಲಾನಿಗೆ 70ರಿಂದ 80 ಡಿಗ್ರಿ ಇಡಲಿ, ಪಿಎಲ್‌ಎಗೆ 50 ದಾಟಿಸದಿರಲಿ, ಏಕೆಂದರೆ 60ರ ಹತ್ತಿರ ಅದು ಸ್ಪೂಲಿನಲ್ಲೇ ಮೆತ್ತಗಾಗುತ್ತದೆ.